ಧರ್ಮವನ್ನು ಪಾಠ ಮಾಡಲಾದೀತೆ?

ದೀಪಾವಳಿ ರಜೆ ಶುರುವಾಯಿತೆಂದರೆ ಪುಣೆಯ ಹಳೆಯ ವಾಡೆಗಳ ಅಂಗಳದಲ್ಲಿ, ಸೊಸೈಟಿಗಳ ಪಾರ್ಕಿಂಗ್ ಮೂಲೆಯಲ್ಲಿ ಮಕ್ಕಳ ಕೈ ಕೆಸರಾಗುತ್ತದೆ. ಇಟ್ಟಿಗೆ, ಕಲ್ಲು ಪೇರಿಸಿ, ಗೋಣಿಚೀಲ ಹೊದಿಸಿ, ಮೇಲೆ ಕೆಮ್ಮಣ್ಣು ಬಳಿದು ಅವರು ಕಿಲ್ಲಾ ಕಟ್ಟುತ್ತಾರೆ. ಒಂದು ವರ್ಷ ಸಿಂಹಗಡ, ಇನ್ನೊಂದು ವರ್ಷ ಪ್ರತಾಪಗಡ. ಸಾಸಿವೆ ಚೆಲ್ಲಿಟ್ಟರೆ ಹಬ್ಬದ ಹೊತ್ತಿಗೆ ಕಾಡು ಮೊಳೆತಿರುತ್ತದೆ. ನೆತ್ತಿಯ ಮೇಲೆ ಸಿಂಹಾಸನದ ಶಿವಾಜಿ, ಇಳಿಜಾರಿನಲ್ಲಿ ಮಣ್ಣಿನ ಮಾವಳೆ ಸೈನಿಕರು. ಬೆಳಗಾವಿಯ ಗಲ್ಲಿಗಳನ್ನು ಬಲ್ಲ ಕನ್ನಡಿಗರಿಗೆ ಇದು ಹೊಸದಲ್ಲ, ಅಲ್ಲಿನ ಮಕ್ಕಳೂ ದೀಪಾವಳಿಗೆ ಕೋಟೆ ಕಟ್ಟುವವರೇ.

ಈ ಆಟಕ್ಕೆ ಮೇಷ್ಟ್ರಿಲ್ಲ. ಶಿವಾಜಿಯನ್ನು ಕೂರಿಸುವ ಭಾಗ್ಯ ಯಾರದು, ನೀರು ಹೊರುವ ಪಾಡು ಯಾರದು, ನಾಲ್ಕನೇ ಇಯತ್ತೆಯವನ ಮಾತನ್ನು ಎರಡನೆಯವಳು ಯಾಕೆ ಕೇಳಬೇಕು? ಎಲ್ಲ ಇತ್ಯರ್ಥವೂ ಅಲ್ಲೇ, ಜಗಳವಾಡಿಯೇ. ಮುನಿಸಿಕೊಂಡು ಎದ್ದು ಹೋದವನನ್ನು ಓಲೈಸಿ ಕರೆತರಲೇಬೇಕು, ಯಾಕೆಂದರೆ ಬೊಂಬೆಗಳ ಡಬ್ಬಿ ಇರುವುದು ಅವನ ಮನೆಯಲ್ಲಿ. ನ್ಯಾಯದ ಮೊದಲ ಪಾಠಕ್ಕೆ ಅಷ್ಟು ಸ್ವಾರ್ಥ ಬೇಕೇ ಬೇಕೇನೋ!

ಧರ್ಮ ಹೇಳಿಕೊಟ್ಟರೆ ಬರುವುದೋ, ನಡೆದು ನಡೆದು ಬರುವುದೋ ಎಂಬ ಪ್ರಶ್ನೆ ಹಳೆಯದು. ನ್ಯಾಯದ ಕೆಲಸ ಮಾಡುತ್ತಲೇ ಮನುಷ್ಯ ನ್ಯಾಯವಂತನಾಗುತ್ತಾನೆ ಎಂದು ಅರಿಸ್ಟಾಟಲ್ ಹೇಳಿದ್ದ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಉತ್ತರ ಹುಡುಕಿದ್ದು ಮಕ್ಕಳ ಗೋಲಿಯಾಟದಲ್ಲಿ. 1932ರಲ್ಲಿ ಪ್ರಕಟವಾದ ಅವರ ಪುಸ್ತಕದ ಪ್ರಕಾರ, ಚಿಕ್ಕ ಮಕ್ಕಳಿಗೆ ಆಟದ ನಿಯಮವೆಂದರೆ ಹಿರಿಯರು ವಿಧಿಸಿದ, ಮುರಿಯಬಾರದ ಕಟ್ಟಳೆ. ಹತ್ತು ವರ್ಷ ದಾಟುವ ಹೊತ್ತಿಗೆ ಅದು ಎಲ್ಲರೂ ಒಪ್ಪಿದರೆ ಬದಲಾಯಿಸಬಹುದಾದ ಕರಾರು. ಈ ತಿಳಿವಳಿಕೆ ಬಲಿಯುವುದು ಉಪದೇಶಕ್ಕಿಂತ ಹೆಚ್ಚಾಗಿ ಸರೀಕರ ಒಡನಾಟದಲ್ಲಿ ಎಂಬುದು ಅವರ ವಾದ.

ಆದರೆ ಸರೀಕರೆಂದರೆ ಯಾರು? ಒಂದೇ ಜಾತಿಯ, ಒಂದೇ ಅಂತಸ್ತಿನ ಮಕ್ಕಳಷ್ಟೇ ಅಂಗಳದಲ್ಲಿ ಸೇರಿದರೆ ಅವರು ಕಲಿಯುವ ನ್ಯಾಯವೂ ಆ ಅಂಗಳದಷ್ಟೇ ಅಗಲ. ಮಹಾರಾಷ್ಟ್ರದ ಸಮಾಜವಾದಿಗಳು ಈ ಕೊರತೆಗೆ ಕೈಹಾಕಿದರು. 1941ರಲ್ಲಿ ಎಸ್.ಎಂ. ಜೋಶಿಯವರ ಮುಂದಾಳತ್ವದಲ್ಲಿ ರೂಪುಗೊಂಡ ರಾಷ್ಟ್ರ ಸೇವಾ ದಳ ಜಾತಿ ಕೇಳದೆ ಮಕ್ಕಳನ್ನು ಆಟಕ್ಕೆ, ಹಾಡಿಗೆ ಕೂಡಿಸಿತು. ಪುಣೆಯಲ್ಲಿರುವ ಅದರ ಕೇಂದ್ರ ಇಂದಿಗೂ ಸಾನೆ ಗುರೂಜಿ ಸ್ಮಾರಕವೆಂದೇ ಹೆಸರಾಗಿದೆ. ಮಕ್ಕಳಿಗಾಗಿ ಕತೆ ಬರೆದ ಇದೇ ಗುರೂಜಿ 1947ರಲ್ಲಿ ಪಂಢರಪುರದ ವಿಠ್ಠಲ ಮಂದಿರದ ಬಾಗಿಲು ದಲಿತರಿಗೆ ತೆರೆಯಲೆಂದು ಉಪವಾಸ ಕೂತವರು. ಅವರಿಗೆ ಆಟದ ಬಯಲೂ ಗುಡಿಯ ಬಾಗಿಲೂ ಬೇರೆಬೇರೆ ವಿಷಯಗಳಾಗಿರಲಿಲ್ಲ.

ಈಗ ಪುಣೆಯ ಪೇಟೆಯಲ್ಲಿ ಪ್ಲಾಸ್ಟರಿನ ಸಿದ್ಧ ಕೋಟೆಗಳೇ ಮಾರಾಟಕ್ಕಿವೆ. ಕಿಲ್ಲಾ ಸ್ಪರ್ಧೆಗಳೂ ನಡೆಯುತ್ತವೆ. ಬಹುಮಾನದ ಆಸೆಗೆ ಅಪ್ಪನೇ ಕರಣೆ ಹಿಡಿದನೆಂದರೆ ಕೋಟೆ ಚೆನ್ನಾಗಿ ಏಳುತ್ತದೆ, ಮಕ್ಕಳಿಗೆ ಜಗಳವಾಡಲು ಏನೂ ಉಳಿಯುವುದಿಲ್ಲ. ಬರುವ ದೀಪಾವಳಿಗೆ ದೊಡ್ಡವರು ಮಣ್ಣು ತರಿಸಿಕೊಟ್ಟು, ಪಕ್ಕದ ಬೀದಿಯ ಮಕ್ಕಳನ್ನೂ ಕರೆಯಿರೆಂದು ಹೇಳಿ, ತಾವು ಒಳಗೆ ಹೋಗಲಿ.