ವ್ಯಾಪಾರ ರಹಸ್ಯವೂ ಲೋಕಕ್ಷೇಮವೂ

ಒಬ್ಬನು ತನ್ನ ಪರಿಶ್ರಮದಿಂದಲೂ ಧನವ್ಯಯದಿಂದಲೂ ಸಂಪಾದಿಸಿದ ಅರಿವು ಅವನ ಸ್ವತ್ತೇ ಎಂಬುದನ್ನು ಅಲ್ಲಗಳೆಯುವವರು ವಿರಳ. ಅಕ್ಕಸಾಲಿಗನು ಬೆಸುಗೆಯ ಮರ್ಮವನ್ನೂ, ವೈದ್ಯನು ಮನೆತನದ ಔಷಧದ ಪಾಕವನ್ನೂ ಮಗನಿಗೋ ಶಿಷ್ಯನಿಗೋ ಹೊರತು ಅನ್ಯರಿಗೆ ತಿಳಿಸದಿದ್ದರೆ ಲೋಕವು ಅವರನ್ನು ದೂಷಿಸುವುದಿಲ್ಲ. ಆದರೆ ಆ ಅರಿವಿನಿಂದ ನಿರ್ಮಿತವಾದ ವಸ್ತುವು ಕೆಟ್ಟಾಗ ಅದರ ಹಾನಿಯು ಅರಿತವನನ್ನು ಮಾತ್ರವೇ ತಟ್ಟದೆ ಏನನ್ನೂ ಅರಿಯದ ನೆರೆಹೊರೆಯವರನ್ನೂ ತಟ್ಟುವಂತಿದ್ದರೆ, ಆ ನೆರೆಯವರಿಗೆ ಅದನ್ನು ತಿಳಿಯುವ ಅಧಿಕಾರವುಂಟೆ, ಇಲ್ಲವೆ? ಅರಿವು ಒಬ್ಬನದೂ ಅಪಾಯವು ಮತ್ತೊಬ್ಬನದೂ ಆಗಿರುವಲ್ಲಿ ಧರ್ಮವು ಯಾರ ಪಕ್ಷದಲ್ಲಿ ನಿಲ್ಲುತ್ತದೆ? ಇದೇ ಇಲ್ಲಿ ವಿಚಾರಿಸತಕ್ಕ ಪ್ರಶ್ನೆ.

ನಮ್ಮ ಧರ್ಮಶಾಸ್ತ್ರಕಾರರು ವ್ಯವಹಾರಪ್ರಕರಣದಲ್ಲಿ ‘ಉಪನಿಧಿ’ ಎಂಬ ಒಂದು ಬಗೆಯ ಇಡುಗಂಟನ್ನು ಹೇಳಿದ್ದಾರೆ. ಒಳಗಿನ ವಸ್ತುವು ಇಂಥದೆಂದು ತಿಳಿಸದೆ, ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ನಂಬಿಕೆಯಿಂದ ಮತ್ತೊಬ್ಬನ ಕೈಯಲ್ಲಿ ಇಟ್ಟದ್ದೇ ಉಪನಿಧಿ. ಇಟ್ಟುಕೊಂಡವನು ಅದನ್ನು ಇದ್ದಂತೆಯೇ ಹಿಂದಿರುಗಿಸತಕ್ಕದ್ದೆಂದು ಯಾಜ್ಞವಲ್ಕ್ಯನ ವಿಧಿ. ವ್ಯಾಪಾರಿಯು ಸರ್ಕಾರದ ಕೈಗೆ ಗೋಪ್ಯವಾಗಿ ಒಪ್ಪಿಸುವ ಬರಹವೂ ಒಂದು ಬಗೆಯ ಉಪನಿಧಿಯೇ. ಆದರೆ ಒಂದು ಭೇದವುಂಟು: ಈ ಪೆಟ್ಟಿಗೆಯನ್ನು ಸರ್ಕಾರವು ತೆರೆದು ನೋಡಲೇಬೇಕು; ನೋಡಿದ ಮೇಲೆ ನೆರೆಯವರ ಪ್ರಾಣಕ್ಕೆ ಸಂಬಂಧಪಟ್ಟ ಒಂದು ತೀರ್ಪನ್ನೂ ಕೊಡಬೇಕು. ಆದಕಾರಣ ಪ್ರಾಚೀನರ ವಿಧಿಯು ಇಲ್ಲಿ ದಾರಿಯನ್ನು ತೋರಿಸೀತೇ ಹೊರತು ಪೂರ್ತಿಯಾಗಿ ಸಾಲದು.

ಈ ಪ್ರಶ್ನೆಯು ಅತ್ಯಂತ ತೀಕ್ಷ್ಣವಾಗಿ ತಲೆದೋರುವುದು ಪರಮಾಣು ವಿದ್ಯುದಾಗಾರಗಳಿಗೆ ಪರವಾನಗಿ ಕೊಡುವ ಸಂದರ್ಭದಲ್ಲಿ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಇದನ್ನು ಕೊಡತಕ್ಕ ಅಧಿಕಾರವು ಪರಮಾಣು ನಿಯಂತ್ರಣ ಆಯೋಗದ್ದು. 1974ರ ಶಾಸನದಿಂದ ಹುಟ್ಟಿದ ಆ ಆಯೋಗವು 1975ರ ಜನವರಿಯಲ್ಲಿ ಕಾರ್ಯಾರಂಭ ಮಾಡಿತು. ವಿದ್ಯುದಾಗಾರವನ್ನು ಕಟ್ಟಬಯಸುವ ಕಂಪನಿಯು ತನ್ನ ಯಂತ್ರದ ರಚನೆಯನ್ನು ವಿವರಿಸಬೇಕು; ತಂಪುಗೊಳಿಸುವ ನೀರು ಸೋರಿಹೋದರೆ ಇಂಧನದ ಕಡ್ಡಿಗಳು ಎಷ್ಟು ಕಾಯುವವು, ಅವುಗಳನ್ನು ಉಳಿಸುವ ಉಪಾಯವೇನು ಎಂಬುದನ್ನು ಲೆಕ್ಕಾಚಾರದಿಂದ ಸಾಧಿಸಿ ತೋರಿಸಬೇಕು. ಈ ಲೆಕ್ಕಾಚಾರದ ಕ್ರಮಗಳೂ ಅವುಗಳಿಗೆ ಆಧಾರವಾದ ಪ್ರಯೋಗಗಳ ಅಂಕಿಗಳೂ ಬಹು ವರ್ಷಗಳ ಸಾಧನೆಯಿಂದಲೂ ಅಪಾರ ವೆಚ್ಚದಿಂದಲೂ ದೊರೆತವು. ಪೈಪೋಟಿಯ ಕಂಪನಿಯ ಕೈಗೆ ಅವು ಬಿಟ್ಟಿಯಾಗಿ ಸಿಕ್ಕಿದರೆ ದುಡಿದವನು ನಷ್ಟಕ್ಕೊಳಗಾಗುವನು. ಅತ್ತ, 1966ರ ಮಾಹಿತಿ ಸ್ವಾತಂತ್ರ್ಯದ ಶಾಸನದಂತೆ ಸರ್ಕಾರದ ಕಡತಗಳನ್ನು ಯಾವನು ಬೇಕಾದರೂ ಕೇಳಬಹುದು. ಆ ಶಾಸನದ ಒಂಬತ್ತು ವಿನಾಯಿತಿಗಳಲ್ಲಿ ನಾಲ್ಕನೆಯದು ವ್ಯಾಪಾರ ರಹಸ್ಯಗಳಿಗೂ ಗೋಪ್ಯವಾದ ವಾಣಿಜ್ಯ ವಿವರಗಳಿಗೂ ಸಂಬಂಧಪಟ್ಟದ್ದು.

ಆಯೋಗವು ನಡೆಸಿಕೊಂಡು ಬಂದಿರುವ ಪದ್ಧತಿಯು ಗಮನಾರ್ಹವಾದುದು. ಗೋಪ್ಯತೆಯನ್ನು ಬೇಡುವವನು ಬಾಯಿಮಾತಿನಿಂದ ಬೇಡಲಾಗದು. ಕಂಪನಿಯ ಹೊಣೆಗಾರನೊಬ್ಬನು ಪ್ರಮಾಣಪೂರ್ವಕವಾಗಿ ಬರೆದುಕೊಡಬೇಕು. ಈ ವಿಷಯವನ್ನು ಒಡೆಯನು ಇದುವರೆಗೆ ಗುಟ್ಟಾಗಿ ಇಟ್ಟಿರುವನೆ? ಈ ಬಗೆಯದನ್ನು ಗುಟ್ಟಾಗಿಡುವುದು ವಾಡಿಕೆಯೆ, ಅದಕ್ಕೆ ತಕ್ಕ ಕಾರಣವುಂಟೆ? ಗುಟ್ಟೆಂದೇ ತಿಳಿಸಿ ಒಪ್ಪಿಸಲಾಯಿತೆ? ಬೇರೆಡೆ ಬಹಿರಂಗವಾಗಿ ದೊರೆಯುತ್ತದೆಯೆ? ಪ್ರಕಟವಾದರೆ ಪೈಪೋಟಿಯಲ್ಲಿ ಮಹತ್ತರವಾದ ನಷ್ಟವು ಸಂಭವಿಸುವುದೆ? ಈ ಐದು ಪ್ರಶ್ನೆಗಳಿಗೆ ಉತ್ತರವು ಬೇಕು. ಸಾಮಾನ್ಯವಾಗಿ ಒಂದೇ ವರದಿಯ ಎರಡು ಪ್ರತಿಗಳು ಸಿದ್ಧವಾಗುತ್ತವೆ. ಒಂದರಲ್ಲಿ ಗೋಪ್ಯವಾದ ಭಾಗಗಳು ಜೋಡಿ ಚೌಕಾವರಣಗಳ ನಡುವೆ ಅಚ್ಚಾಗಿರುತ್ತವೆ. ಸಾರ್ವಜನಿಕರಿಗೆ ಸಿಗುವ ಇನ್ನೊಂದರಲ್ಲಿ ಆ ಆವರಣಗಳು ಉಳಿದು ನಡುವೆ ಬರಿದಾದ ಸ್ಥಳ ಮಾತ್ರ ಇರುತ್ತದೆ. ಆಯೋಗವು ಗೋಪ್ಯತೆಯನ್ನು ಒಪ್ಪದೆ ಹೋದರೆ ಬರಹವನ್ನು ಹಿಂದಕ್ಕೆ ಪಡೆಯಲು ಕಂಪನಿಗೆ ಅವಕಾಶವುಂಟು. ಆದರೆ ಹಾಗೆ ಪಡೆದ ಬರಹವನ್ನು ಪರವಾನಗಿಯ ವಿಚಾರಣೆಯಲ್ಲಿ ಆಧಾರವಾಗಿ ಎಣಿಸಲಾಗದು. ಮರ್ಮವನ್ನು ಕಾಯ್ದುಕೊಳ್ಳುವ ಸ್ವಾತಂತ್ರ್ಯವು ಒಡೆಯನಿಗೆ ಉಳಿಯಿತು. ತೋರಿಸದ ಮರ್ಮದ ಬಲದಿಂದ ಪರವಾನಗಿಯನ್ನು ಪಡೆಯುವ ಸ್ವಾತಂತ್ರ್ಯವು ಉಳಿಯಲಿಲ್ಲ. ಈ ಏರ್ಪಾಡು ನ್ಯಾಯಸಮ್ಮತವೆಂದೇ ತೋರುತ್ತದೆ.

ಗೋಪ್ಯತೆಯ ಪಕ್ಷವನ್ನು ಹಿಡಿದವರ ಮಾತು ಹಗುರವಾದುದಲ್ಲ. ಅವರು ಹೀಗೆನ್ನುವರು: “ಬಿತ್ತಿದವನಿಗೆ ಬೆಳೆಯು ದಕ್ಕದಿದ್ದರೆ ಬಿತ್ತುವವರೇ ಇಲ್ಲವಾಗುವರು. ಹೊಸ ಶೋಧನೆಯಿಂದ ಯಂತ್ರಗಳು ಹೆಚ್ಚು ಸುರಕ್ಷಿತವಾಗುತ್ತವೆ. ಶೋಧನೆಯ ಲಾಭವನ್ನು ಕಿತ್ತುಕೊಂಡರೆ ಸುರಕ್ಷಿತತೆಯೇ ಕುಂಠಿತವಾಗುತ್ತದೆ. ಅಲ್ಲದೆ, ಹೇಳಿದ್ದೆಲ್ಲವೂ ಬೀದಿಗೆ ಬೀಳುವುದೆಂಬ ಭಯವಿದ್ದರೆ ಕಂಪನಿಗಳು ಪರೀಕ್ಷಕನಿಗೆ ಕೇಳಿದಷ್ಟನ್ನು ಮಾತ್ರ ಹೇಳಿ ಮಿಕ್ಕುದನ್ನು ನುಂಗಿಕೊಳ್ಳುವುವು. ಮನಸ್ಸನ್ನು ಬಿಚ್ಚಿ ಹೇಳುವವನಿಗೆ ನಂಬಿಕೆಯ ಆಶ್ರಯವು ಬೇಕು.”

ಪ್ರಕಟನೆಯ ಪಕ್ಷದವರ ಉತ್ತರವೂ ಅಷ್ಟೇ ಬಲವಾದುದು. “ವಿದ್ಯುದಾಗಾರದ ನೆರೆಯಲ್ಲಿ ಮನೆ ಕಟ್ಟಿ ಮಕ್ಕಳನ್ನು ಸಾಕುತ್ತಿರುವ ಗೃಹಸ್ಥನಿಗೆ ‘ಇದು ನಿರಪಾಯವಾದುದು’ ಎಂದು ಹೇಳಿ, ‘ಏತರಿಂದ?’ ಎಂದು ಅವನು ಕೇಳಿದಾಗ ಬರಿದಾದ ಆವರಣವನ್ನು ತೋರಿಸುವುದು ಯಾವ ನ್ಯಾಯ? ಪ್ರತಿಜ್ಞೆಯನ್ನು ಹೇಳಿ ಹೇತುವನ್ನು ಮುಚ್ಚಿಟ್ಟ ಅನುಮಾನವನ್ನು ಯಾವ ತಾರ್ಕಿಕನೂ ಒಪ್ಪನು. ಪರೀಕ್ಷಕನೂ ಮನುಷ್ಯನೇ, ಅವನಿಂದ ತಪ್ಪಾದರೆ ತಿದ್ದತಕ್ಕವರು ಯಾರು? ಹೊರಗಿನ ವಿದ್ವಾಂಸನು ಲೆಕ್ಕವನ್ನು ನೋಡದಿದ್ದಲ್ಲಿ ಲೆಕ್ಕದ ತಪ್ಪು ಲೆಕ್ಕದಲ್ಲಿಯೇ ಉಳಿದುಹೋಗುತ್ತದೆ.”

ಈ ಎರಡು ಪಕ್ಷಗಳನ್ನೂ ತೂಗಿನೋಡಲು ನಡೆದುಹೋದ ಒಂದು ಸಂಗತಿಯನ್ನು ಸ್ಮರಿಸುವುದು ಉಚಿತ. 1977ರ ಸೆಪ್ಟೆಂಬರ್ 24ರಂದು ಓಹಾಯೋ ಸಂಸ್ಥಾನದ ಡೇವಿಸ್-ಬೆಸ್ಸಿ ವಿದ್ಯುದಾಗಾರದಲ್ಲಿ ಒತ್ತಡವನ್ನು ಇಳಿಸುವ ಒಂದು ಕವಾಟವು ತೆರೆದುಕೊಂಡು ಮತ್ತೆ ಮುಚ್ಚಿಕೊಳ್ಳದೆ ಹೋಯಿತು. ಕೆಲಸಗಾರರು ಸೂಚಕಗಳಿಂದ ಭ್ರಮೆಗೊಂಡು ತುರ್ತಿನ ನೀರನ್ನು ತಗ್ಗಿಸಿದರು. ಯಂತ್ರವು ಆಗ ಅಲ್ಪ ಶಕ್ತಿಯಲ್ಲಿ ನಡೆಯುತ್ತಿದ್ದುದರಿಂದಲೂ, ಸುಮಾರು 20 ನಿಮಿಷಗಳಲ್ಲಿ ತಪ್ಪು ಗೊತ್ತಾದುದರಿಂದಲೂ ಅನರ್ಥವು ತಪ್ಪಿತು. ಯಂತ್ರವನ್ನು ರಚಿಸಿದ ಬ್ಯಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್ ಕಂಪನಿಯ ಎಂಜಿನಿಯರುಗಳು ಇದರ ಮರ್ಮವನ್ನರಿತು, ಇಂಥ ಸಮಯದಲ್ಲಿ ನೀರನ್ನು ನಿಲ್ಲಿಸಬಾರದೆಂದು ಎಲ್ಲೆಡೆಯ ಕೆಲಸಗಾರರಿಗೂ ತಿಳಿಸಬೇಕೆಂದು ಕಂಪನಿಯೊಳಗೆ ಬರೆದರು. ಆ ಎಚ್ಚರಿಕೆಯು ಮೇಜಿನಿಂದ ಮೇಜಿಗೆ ಸುತ್ತಿತೇ ಹೊರತು ಯಂತ್ರದ ಮುಂದೆ ನಿಂತವರನ್ನು ಮುಟ್ಟಲಿಲ್ಲ. 1979ರ ಮಾರ್ಚ್ 28ರ ಬೆಳಗಿನ ಜಾವ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡಿನಲ್ಲಿ, ಅದೇ ಕಂಪನಿಯು ರಚಿಸಿದ ಯಂತ್ರದಲ್ಲಿ, ಅಂಥದೇ ಕವಾಟವು ತೆರೆದೇ ಉಳಿಯಿತು. ಮುಂದಿನ ಫಲಕದ ದೀಪವು ಕವಾಟಕ್ಕೆ ಮುಚ್ಚಿಕೊಳ್ಳೆಂಬ ಆಜ್ಞೆಯು ಹೋದುದನ್ನು ತಿಳಿಸುತ್ತಿತ್ತೇ ಹೊರತು, ಅದು ಮುಚ್ಚಿಕೊಂಡಿತೆ ಇಲ್ಲವೆ ಎಂಬುದನ್ನು ತಿಳಿಸುತ್ತಿರಲಿಲ್ಲ. ಕೆಲಸಗಾರರು ಅದೇ ಭ್ರಮೆಗೊಳಗಾಗಿ ಅದೇ ನೀರನ್ನು ತಗ್ಗಿಸಿದರು. ಇಂಧನದ ಸುಮಾರು ಅರ್ಧಭಾಗವು ಕರಗಿತು. ಎರಡು ದಿನಗಳ ತರುವಾಯ, ಐದು ಮೈಲಿಗಳೊಳಗಿನ ಗರ್ಭಿಣಿಯರೂ ಎಳೆಯ ಮಕ್ಕಳೂ ಊರು ಬಿಡುವುದು ಲೇಸೆಂದು ಆ ಸಂಸ್ಥಾನದ ಗವರ್ನರು ಸಾರಿದರು.

ಇಲ್ಲಿ ಒಂದನ್ನು ಸ್ಪಷ್ಟಪಡಿಸಬೇಕು. ಆ ಎಚ್ಚರಿಕೆಯನ್ನು ತಡೆದದ್ದು ವ್ಯಾಪಾರ ರಹಸ್ಯದ ಕಾನೂನಲ್ಲ, ಅಲಕ್ಷ್ಯ. ಆದರೂ ಅದರಿಂದ ಒಂದು ತತ್ತ್ವವು ತಿಳಿದುಬರುತ್ತದೆ: ಅಪಾಯದ ಅರಿವು ಇರತಕ್ಕ ಕಡೆ ಇಲ್ಲದಿದ್ದರೆ, ಅದು ಎಲ್ಲಿಯೋ ಇತ್ತೆಂಬುದರಿಂದ ಫಲವಿಲ್ಲ. ಈ ಪಾಠವನ್ನು ಕಲಿತ ವಿದ್ಯುತ್ ಕಂಪನಿಗಳು ಅದೇ 1979ರಲ್ಲಿ ತಾವೇ ಒಂದು ಸಂಸ್ಥೆಯನ್ನು ಸ್ಥಾಪಿಸಿಕೊಂಡವು. ಒಂದೆಡೆ ಆದ ಅವಘಡವನ್ನು ಪರಿಶೀಲಿಸಿ ಮಿಕ್ಕೆಲ್ಲರಿಗೂ ತಿಳಿಸುವುದು ಅದರ ಕಾರ್ಯಗಳಲ್ಲೊಂದು. ಆ ಸಂಸ್ಥೆಯು ತನ್ನ ವರದಿಗಳನ್ನು ಆಯೋಗಕ್ಕೂ ಸ್ವಂತ ಇಚ್ಛೆಯಿಂದ ಕೊಡುತ್ತಿತ್ತು. ತನ್ನ ಒಪ್ಪಿಗೆಯಿಲ್ಲದೆ ಹೊರಗೆ ಬಿಡಬಾರದೆಂಬುದು ಅದರ ಕರಾರು.

1984ರಲ್ಲಿ ‘ಕ್ರಿಟಿಕಲ್ ಮಾಸ್ ಎನರ್ಜಿ ಪ್ರಾಜೆಕ್ಟ್’ ಎಂಬ ನಾಗರಿಕರ ಸಂಘವು ಆ ವರದಿಗಳನ್ನು ಕೇಳಿತು. ಆಯೋಗವು ನಿರಾಕರಿಸಿತು. ಮೊಕದ್ದಮೆಯು ಬಹು ವರ್ಷ ನಡೆದು, 1992ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿಯ ನ್ಯಾಯಾಲಯದ ಪೂರ್ಣಪೀಠವು ಆಯೋಗದ ಪಕ್ಷಕ್ಕೆ ತೀರ್ಪಿತ್ತಿತು. ಬಲವಂತವಿಲ್ಲದೆ ಕೊಟ್ಟ ಮಾಹಿತಿಯನ್ನು ಕೊಟ್ಟವನು ವಾಡಿಕೆಯಾಗಿ ಬಹಿರಂಗಪಡಿಸುವವನಲ್ಲವಾದರೆ, ಅದು ಗೋಪ್ಯವೇ ಸರಿ. ಕಾನೂನಿನ ಬಲದಿಂದ ಪಡೆದ ಮಾಹಿತಿಗಾದರೆ ನಷ್ಟವನ್ನು ಕುರಿತ 1974ರ ಹಳೆಯ ಪರೀಕ್ಷೆಯೇ ನಿಲ್ಲುವುದೆಂದು ಬಹುಮತದ ನಿರ್ಣಯ. ಮರುವರ್ಷ ಸರ್ವೋಚ್ಚ ನ್ಯಾಯಾಲಯಕ್ಕೆ ಏರಿದ ರೂತ್ ಬೇಡರ್ ಗಿನ್ಸ್‌ಬರ್ಗರು ಇದಕ್ಕೆ ಭಿನ್ನಮತವನ್ನು ಬರೆದರು.

ಈ ಮೊಕದ್ದಮೆಯಲ್ಲಿ ಧರ್ಮದ ಗಂಟು ಎಲ್ಲಿದೆಯೆಂಬುದನ್ನು ವಾಚಕರು ಗಮನಿಸಬೇಕು. ತ್ರೀ ಮೈಲ್ ಐಲೆಂಡಿನ ಒಂದೇ ಪಾಠವು ಎರಡು ಪಕ್ಷಗಳಿಗೂ ಸಾಕ್ಷಿ ನುಡಿಯುತ್ತದೆ. ತಪ್ಪುಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳದಿದ್ದುದರಿಂದ ಅನರ್ಥವಾಯಿತು. ಹೇಳಿಕೊಳ್ಳಬೇಕಾದರೆ ಹೇಳಿದವನಿಗೆ ಅಭಯವು ಬೇಕು. ಆ ಅಭಯವನ್ನು ಕೊಡುವುದಕ್ಕಾಗಿ ಅಪಾಯದ ನೆರೆಯಲ್ಲಿರುವವನಿಗೆ ಬಾಗಿಲನ್ನು ಮುಚ್ಚಬೇಕಾಯಿತು. ಬಹುಮತದವರ ವಾದದಲ್ಲಿ ವ್ಯವಹಾರಜ್ಞಾನವುಂಟು. ಆದರೆ ಕೊಡುವವನ ವಾಡಿಕೆಯನ್ನೇ ಪ್ರಮಾಣವಾಗಿ ಹಿಡಿಯುವುದರಲ್ಲಿ ಒಂದು ದೋಷವುಂಟು. ಮುಚ್ಚಿಡುವುದೇ ವಾಡಿಕೆಯಾದವನಿಗೆ ಮುಚ್ಚಿಡುವ ಅಧಿಕಾರವೂ ಬಂದರೆ, ಅಭ್ಯಾಸವೇ ಅಧಿಕಾರಕ್ಕೆ ಮೂಲವಾದಂತಾಯಿತು. 2019ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಆರ್ಗಸ್ ಲೀಡರ್ ಎಂಬ ವೃತ್ತಪತ್ರಿಕೆಯ ಮೊಕದ್ದಮೆಯಲ್ಲಿ ಇನ್ನೂ ಮುಂದೆ ಹೋಯಿತು. ಒಡೆಯನು ವಾಡಿಕೆಯಿಂದಲೂ ವಸ್ತುತಃವಾಗಿಯೂ ಗುಟ್ಟಾಗಿಟ್ಟುಕೊಂಡು, ಗೋಪ್ಯತೆಯ ಭರವಸೆಯ ಮೇಲೆ ಸರ್ಕಾರಕ್ಕೆ ಕೊಟ್ಟದ್ದಾದರೆ ಸಾಕು. ನಾಲ್ಕನೆಯ ವಿನಾಯಿತಿಗೆ ಮಹತ್ತರವಾದ ನಷ್ಟವನ್ನು ಸಾಧಿಸಬೇಕಾಗಿಲ್ಲವೆಂದು ತೀರ್ಪಾಯಿತು. ಆ ಮೊಕದ್ದಮೆಯ ವಿಷಯವು ಅಂಗಡಿಗಳ ವ್ಯಾಪಾರದ ಅಂಕಿಗಳೇ ಹೊರತು ಪರಮಾಣುವಲ್ಲ. ಶಾಸನವು ಒಂದೇ ಆದುದರಿಂದ ಅಳತೆಗೋಲು ಮಾತ್ರ ಎರಡಕ್ಕೂ ಒಂದೇ ಆಯಿತು. ದಿನಸಿಯನ್ನು ತೂಗುವ ತಕ್ಕಡಿಯಲ್ಲಿ ಪ್ರಾಣಾಪಾಯವನ್ನು ತೂಗಬಹುದೆ ಎಂಬ ಶಂಕೆಯು ಸಹಜವಾದುದೇ.

ಹೀಗಿರಲು ನಿರ್ಣಯವೇನು? ಮೊದಲು ಗುಟ್ಟುಗಳಲ್ಲಿಯೇ ಭೇದವನ್ನು ಎಣಿಸಬೇಕು. ಶತ್ರುವಿನ ಕೈಗೆ ಸಿಗಬಾರದ, ಕಾವಲಿಗೆ ಸಂಬಂಧಪಟ್ಟ ಗುಟ್ಟು ಒಂದು. ಅದನ್ನು ಎಲ್ಲರೂ ಒಪ್ಪುವರು. ದುಡಿಮೆಯ ಫಲವಾದ ಉಪಾಯದ ಗುಟ್ಟು ಎರಡನೆಯದು. ಅದು ರಕ್ಷಣೆಗೆ ಅರ್ಹ. ತಪ್ಪನ್ನೂ ನ್ಯೂನತೆಯನ್ನೂ ನಾಚಿಕೆಯಿಂದ ಮುಚ್ಚಿಡುವ ಗುಟ್ಟು ಮೂರನೆಯದು, ಅದಕ್ಕೆ ರಕ್ಷಣೆಯಿಲ್ಲ. ಕಷ್ಟವೇನೆಂದರೆ, ಮೂರನೆಯದು ಎರಡನೆಯದರ ವೇಷವನ್ನು ತೊಟ್ಟು ಬರುವುದು. ಆ ವೇಷವನ್ನು ಕಂಡುಹಿಡಿಯುವುದಕ್ಕಾಗಿಯೇ ಪ್ರಮಾಣಪತ್ರವೂ ಐದು ಪ್ರಶ್ನೆಗಳೂ ಬೇಕಾಗಿವೆ. ಆಯೋಗದ ನಿಯಮದಲ್ಲಿ ಇನ್ನೊಂದು ವಿಧಿಯುಂಟು. ಒಂದು ವಿಷಯವು ವ್ಯಾಪಾರ ರಹಸ್ಯವೆಂದು ಸಿದ್ಧವಾದ ಮೇಲೆಯೂ, ನಿರ್ಣಯದ ಆಧಾರಗಳನ್ನೂ ಪರಿಣಾಮಗಳನ್ನೂ ಪೂರ್ಣವಾಗಿ ತಿಳಿಯುವ ಜನರ ಹಕ್ಕು ಪೈಪೋಟಿಯ ಚಿಂತೆಗಿಂತ ತೂಕವಾದುದೆ ಎಂಬುದನ್ನು ನೋಡತಕ್ಕದ್ದೆಂದು ಅದು ಹೇಳುತ್ತದೆ. ರಹಸ್ಯವೆಂದು ಹೆಸರಿಟ್ಟೊಡನೆ ವಿಚಾರವು ಮುಗಿಯಲಿಲ್ಲವೆಂಬುದೇ ಇದರ ತಾತ್ಪರ್ಯ.

ಎರಡನೆಯದಾಗಿ, ಉಪಾಯಕ್ಕೂ ಫಲಕ್ಕೂ ಭೇದವನ್ನು ಮಾಡಬೇಕು. ರಾಜನಿಗೆ ಔಷಧವನ್ನು ಕೊಡುವ ವೈದ್ಯನು ಅದನ್ನು ಇತರರಿಂದ ರುಚಿನೋಡಿಸಿ, ತಾನೂ ರುಚಿನೋಡಿ ಕೊಡತಕ್ಕದ್ದೆಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವಿಧಿಯುಂಟು. ಪಾಕದ ಮರ್ಮವು ವೈದ್ಯನದೇ ಇರಲಿ. ಔಷಧವು ವಿಷವಲ್ಲವೆಂಬುದಕ್ಕೆ ಮಾತ್ರ ಅವನ ಮಾತೊಂದೇ ಸಾಲದು. ಲೆಕ್ಕದ ಸೂಕ್ಷ್ಮ ಕ್ರಮವು ಆವರಣದೊಳಗೆ ಇರಬಹುದು. ಆ ಲೆಕ್ಕದಿಂದ ಎಷ್ಟು ಶಾಖವು ಬಂದಿತು, ಮೀರಬಾರದ ಎಲ್ಲೆಗೂ ಅದಕ್ಕೂ ಅಂತರವೆಷ್ಟು, ಯಾವ ಊಹೆಗಳ ಮೇಲೆ ಇದೆಲ್ಲವೂ ನಿಂತಿದೆ ಎಂಬುದು ಆವರಣದ ಹೊರಗೆ ಇರತಕ್ಕದ್ದು.

ಮೂರನೆಯದಾಗಿ, ರುಚಿನೋಡುವವರಲ್ಲಿ ಹೊರಗಿನವನೊಬ್ಬನೂ ಇರಬೇಕು. ಪರವಾನಗಿಯನ್ನು ಪ್ರತಿಭಟಿಸಿ ವಿಚಾರಣೆಯಲ್ಲಿ ಸೇರಿದವರಿಗೆ, ಬಯಲುಮಾಡುವುದಿಲ್ಲವೆಂದು ಬರೆದುಕೊಟ್ಟ ಮೇಲೆ ಗೋಪ್ಯವಾದ ಬರಹಗಳನ್ನು ನೋಡಗೊಡುವ ಪದ್ಧತಿಯು ಅಮೆರಿಕಾದಲ್ಲಿ ಬೆಳೆದುಬಂದಿದೆ. ಹೀಗೆ ನೋಡಿದವನು ತನ್ನ ನೆರೆಯವರಿಗೆ ಅದನ್ನು ಹೇಳಲಾರನೆಂಬುದು ಈ ಪದ್ಧತಿಯ ಕೊರತೆ. ಆದರೂ ಪರೀಕ್ಷಕನ ಕಣ್ಣೊಂದೇ ಇದ್ದೆಡೆಯಲ್ಲಿ ವಿರೋಧಿಯ ಕಣ್ಣೂ ಕೂಡಿದುದರಿಂದ ತಪ್ಪು ಅಡಗಿಕೊಳ್ಳುವ ಸ್ಥಳವು ಕಡಿಮೆಯಾಗುತ್ತದೆ.

ಇದು ದೂರದೇಶದ ಮಾತೆಂದು ಕನ್ನಡಿಗರು ಉಪೇಕ್ಷಿಸುವಂತಿಲ್ಲ. ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಪರಮಾಣು ಯಂತ್ರಗಳಿವೆ. ಕಟ್ಟಡವು ಏಳುತ್ತಿದ್ದಾಗ, 1994ರಲ್ಲಿ, ಅವುಗಳಲ್ಲೊಂದರ ಗುಮ್ಮಟದ ಒಳಪದರವು ಕುಸಿದುಬಿದ್ದುದು ಆ ಭಾಗದ ಜನರಿಗೆ ಮರೆತಿಲ್ಲ. ನಮ್ಮ 2005ರ ಮಾಹಿತಿ ಹಕ್ಕಿನ ಕಾಯಿದೆಯ ಎಂಟನೆಯ ಪ್ರಕರಣವೂ ವ್ಯಾಪಾರ ರಹಸ್ಯಗಳಿಗೆ ವಿನಾಯಿತಿಯನ್ನು ಕೊಟ್ಟು, ವಿಶಾಲವಾದ ಸಾರ್ವಜನಿಕ ಹಿತವು ಬೇಡಿದರೆ ಅವುಗಳನ್ನೂ ತಿಳಿಸತಕ್ಕದ್ದೆಂದು ಹೇಳಿದೆ. ತಕ್ಕಡಿಯು ಇಲ್ಲಿಯೂ ಉಂಟು. ತೂಗುವವನ ಕೈಯು ನಡುಗದಿರಬೇಕಷ್ಟೆ.

ಪೆಟ್ಟಿಗೆಯನ್ನು ಇಟ್ಟವನ ನಂಬಿಕೆಯನ್ನು ಕಾಯುವುದು ಧರ್ಮವೇ. ಆದರೆ ಪೆಟ್ಟಿಗೆಯೊಳಗೆ ಬೆಂಕಿಯಿದ್ದು, ಅದು ಪರರ ಮನೆಯ ಪಕ್ಕದಲ್ಲಿ ಇಡಲ್ಪಟ್ಟಿದ್ದರೆ, ಆ ಮನೆಯವರಿಗೆ ‘ಒಳಗೆ ಬೆಂಕಿಯಿದೆ, ಇಷ್ಟು ಇದೆ, ಹೀಗೆ ಕಾಯಲ್ಪಟ್ಟಿದೆ’ ಎಂದು ಹೇಳುವುದರಿಂದ ನಂಬಿಕೆಯು ಕೆಡುವುದಿಲ್ಲ. ಬೆಂಕಿಯನ್ನು ಹೊತ್ತಿಸಿದ ಚಾತುರ್ಯವು ಒಡೆಯನ ಗುಟ್ಟಾಗಿಯೇ ಇರಲಿ. ಅದರ ಬಿಸಿಯು ಎಲ್ಲಿಯವರೆಗೆ ತಾಗೀತೆಂಬುದು ಅದರ ಪಕ್ಕದಲ್ಲಿ ಮಲಗುವವರಿಗೆ ಸಲ್ಲತಕ್ಕ ಮಾತು.