ಹಾಡೂ ಬಿಡುಗಡೆಯೂ

ಹಾಡು ಮನುಷ್ಯನನ್ನು ಬಂಧನದಿಂದ ಬಿಡಿಸಬಲ್ಲುದೆ? ಸಂಕೋಲೆಯನ್ನು ಕಡಿಯುವುದು ಕಾಯಿದೆಯ ಕೆಲಸ, ಕೊರಳಿನ ಕೆಲಸವಲ್ಲ ಎನ್ನುವವರುಂಟು. ಈ ಮಾತು ಅರ್ಧ ನಿಜ.

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಗುಲಾಮರು ಭಾನುವಾರಗಳಂದು ಕಾಂಗೋ ಚೌಕದಲ್ಲಿ ನೆರೆದು ಹಾಡಿ ಕುಣಿಯುತ್ತಿದ್ದರು. 1865ರಲ್ಲಿ ಕಾಯಿದೆಯಿಂದ ಗುಲಾಮಗಿರಿ ಅಳಿಯಿತು, ಅವಮಾನ ಅಳಿಯಲಿಲ್ಲ. ಅದೇ ನಗರದಲ್ಲಿ ಆ ಜನರ ಸಂತತಿ ಜಾಜ್ ಸಂಗೀತವನ್ನು ಕಟ್ಟಿತು. ಅದರಲ್ಲಿ ಪ್ರತಿಯೊಬ್ಬ ವಾದಕನೂ ತನ್ನ ಸರದಿ ಬಂದಾಗ ಸ್ವಂತ ಕಲ್ಪನೆಯಿಂದ ನುಡಿಸುತ್ತಾನೆ. ಉಳಿದವರು ಕಿವಿಗೊಟ್ಟು ಆಸರೆಯಾಗುತ್ತಾರೆ. ಬೀದಿಯಲ್ಲಿ ದೊರೆಯದ ಸಮಾನತೆ ಮೇಳದಲ್ಲಿ ದೊರೆಯಿತು. 1957ರಲ್ಲಿ ಲಿಟ್ಲ್ ರಾಕ್ ಪಟ್ಟಣದ ಶಾಲೆಗೆ ಕಪ್ಪು ಮಕ್ಕಳು ಹೋಗದಂತೆ ತಡೆದಾಗ, ಲೂಯಿ ಆರ್ಮ್‌ಸ್ಟ್ರಾಂಗ್ ಸರ್ಕಾರದ ಪರವಾಗಿ ಸೋವಿಯತ್ ದೇಶಕ್ಕೆ ಹೋಗಲು ನಿರಾಕರಿಸಿದರು. ಆದರೂ ಅದಕ್ಕೆ ಹಿಂದೆ, ನ್ಯೂಯಾರ್ಕಿನ ಕಾಟನ್ ಕ್ಲಬ್ಬಿನಲ್ಲಿ ನುಡಿಸುವವರು ಕಪ್ಪು ಜನರು, ಕುಳಿತು ಕೇಳುವವರು ಬಿಳಿಯರು ಮಾತ್ರ. ಕಲೆಗೆ ಚಪ್ಪಾಳೆ, ಕಲಾವಿದನ ಕುಲಕ್ಕೆ ಮುಚ್ಚಿದ ಬಾಗಿಲು!

ಈ ವೈಪರೀತ್ಯ ದೂರದೇಶದ್ದೊಂದೇ ಅಲ್ಲ. ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯ ಬಂಡೆಯಲ್ಲಿ ಕ್ರಿ.ಪೂ. 3ನೆಯ ಶತಮಾನದ ಅಶೋಕನ ಶಾಸನವಿದೆ. ದೊಡ್ಡವರಿಗಷ್ಟೇ ಅಲ್ಲ, ಪ್ರಯತ್ನಪಟ್ಟರೆ ಚಿಕ್ಕವರಿಗೂ ಸ್ವರ್ಗ ಲಭ್ಯವೆಂದು ಅದು ಸಾರುತ್ತದೆ. ನೆರೆಯ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯಲ್ಲಿ ಸಿರಿಯಜ್ಜಿ ಬಾಳಿದರು. ಅಕ್ಷರವರಿಯದ ಆ ತಾಯಿಯ ಎದೆಯಲ್ಲಿ ಅಸಂಖ್ಯ ಪದಗಳಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ನಾಡೋಜ ಪದವಿಯಿತ್ತು ಅವರನ್ನು ಗೌರವಿಸಿತು. ಅಂಥ ಹಟ್ಟಿಗಳಲ್ಲಿಯೇ ಮುಟ್ಟಾದ ಹೆಣ್ಣನ್ನೂ ಬಾಣಂತಿಯನ್ನೂ ಹೊರಗಿರಿಸುವ ರೂಢಿ ಹಲವೆಡೆ ಉಳಿದುಬಂದಿದೆ. ಹೆಣ್ಣಿನ ಕೊರಳಿಗೆ ಮನ್ನಣೆ, ಒಡಲಿಗೆ ಮೈಲಿಗೆ.

ಹಾಗಾದರೆ ಹಾಡು ಸೋತಿತೆ? ಸೋಲಲಿಲ್ಲ. ಹಾಡುವವರು ಯಾರಿಗೂ ಕಡಿಮೆಯಲ್ಲವೆಂಬುದನ್ನು ಅದು ತೋರಿಸಿಕೊಟ್ಟಿತು. ಅಷ್ಟು ಅದರ ಕೆಲಸ. ಬಾಗಿಲು ತೆರೆಯುವುದು ಕೇಳಿದವರ ಕೆಲಸ.

ಹಟ್ಟಿಯವರನ್ನು ಹಳಿಯುವುದು ಸುಲಭ. ಶರಣರು ಜಾತಿ, ಜನನ, ಪ್ರೇತ, ರಜಸ್ಸು, ಉಚ್ಛಿಷ್ಟಗಳೆಂಬ ಪಂಚಸೂತಕಗಳನ್ನು ಲಿಂಗವಂತರಿಗೆ ಇಲ್ಲವೆಂದರು. ಬಸವಣ್ಣನವರು ತಮ್ಮ ದೇಹವನ್ನೇ ವಾದ್ಯವಾಗಿಸಿ ನುಡಿಸೆಂದು ಕೂಡಲಸಂಗಮದೇವನನ್ನು ಬೇಡಿದರು. ದೇವರು ನುಡಿಸುವ ವಾದ್ಯಕ್ಕೆ ತಿಂಗಳಿಗೊಮ್ಮೆ ಮೈಲಿಗೆ ಬರುವುದೆಂತು? ಮುಂಜಾನೆ ಆ ವಚನವನ್ನು ರಾಗವಾಗಿ ಹಾಡಿ, ಅದೇ ದಿನ ಸೊಸೆಯನ್ನು ಪೂಜೆಯ ಕೋಣೆಯಿಂದ ದೂರವಿಡುವ ಮನೆಯು ಕಾಟನ್ ಕ್ಲಬ್ಬಿಗಿಂತ ಭಿನ್ನವಲ್ಲ. ವಚನವನ್ನು ಕೇಳಿದ ಗೃಹಸ್ಥನು ಮೊದಲು ತನ್ನ ಮನೆಯ ಬಾಗಿಲನ್ನು ನೋಡಿಕೊಳ್ಳಲಿ.