ಹೇಳುವುದು ನಮ್ಮ ಕೆಲಸ, ತಿರುಗಿಸುವುದು ಯಾರ ಕೆಲಸ?

ಇವತ್ತು ವಿಶೇಷವಾಗಿ ಯೌವನಸ್ಥರ ಸಂಗಡ ಮಾತಾಡಬೇಕು ಅಂತ ನಿಂತಿದ್ದೇನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಓದಲಿಕ್ಕೆ, ದುಡಿಯಲಿಕ್ಕೆ ಬೆಂಗಳೂರು, ಪುಣೆ ಸೇರಿದವರು ನಿಮ್ಮಲ್ಲಿ ಎಷ್ಟೋ ಜನ ಇದ್ದೀರಿ. ಅವರಲ್ಲೊಬ್ಬ ತಮ್ಮ ನನ್ನನ್ನ ಕೇಳಿದ: "ಪಾಸ್ಟರ್, ನನ್ನ ರೂಮ್‌ಮೇಟ್ ಯಂಕಂಚಿಯವ. ಮೂರು ವರ್ಷ ಆತು, ಒಂದೇ ಬುತ್ತಿ ಬಿಚ್ಚಿ ಉಣ್ತೀವಿ. ಯೇಸುವಿನ ಬಗ್ಗೆ ಹೇಳಿದ್ರ, ಇಷ್ಟು ದಿನ ಇದಕ್ಕೇ ಸ್ನೇಹ ಮಾಡಿದ್ಯಾ ಅಂತಾನೇನೋ ಅನಸ್ತದ. ಹೇಳದಿದ್ರ, ನಾನು ಎಂಥಾ ಸ್ನೇಹಿತ ಅನಸ್ತದ. ಏನ್ ಮಾಡ್ಲಿ?"

ಈ ಪ್ರಶ್ನೆಗೆ "ಧೈರ್ಯವಾಗಿ ಸಾರು, ಹಲ್ಲೆಲೂಯ" ಅಂತ ಒಂದೇ ಮಾತಿನಲ್ಲಿ ಉತ್ತರ ಕೊಟ್ಟು ಕಳಿಸಬಹುದಿತ್ತು. ನಾನು ಹಂಗೆ ಮಾಡಲಿಲ್ಲ.

ನಾವು ಸಾಮಾನ್ಯವಾಗಿ ಕೊಡುವ ಹೋಲಿಕೆ ಗೊತ್ತಲ್ಲ? ಒಳ್ಳೆ ಪಿಜಿ ಸಿಕ್ಕರೆ ಹೇಳ್ತೀರಿ, ಕೆಲಸ ಖಾಲಿ ಇದ್ದರೆ ಫಾರ್ವರ್ಡ್ ಮಾಡ್ತೀರಿ, ಯೇಸುವನ್ನ ಮಾತ್ರ ಯಾಕೆ ಬಚ್ಚಿಡ್ತೀರಿ ಅಂತ. ಹೋಲಿಕೆ ಚೆನ್ನಾಗಿದೆ, ಆದರೆ ಅರ್ಧ ಮಾತ್ರ ನಿಜ. ಪಿಜಿ ಬದಲಿಸಿದರೆ ಯಾರ ಅವ್ವನೂ ಅಳೋದಿಲ್ಲ. ನಂಬಿಕೆ ಬದಲಾದರೆ ಮನೆ, ಮದುವೆ, ಹಬ್ಬ, ಊರಿನ ಜಾತ್ರೆ, ಕಡೆಗೆ ಮಣ್ಣು ಮಾಡೋ ಜಾಗ, ಎಲ್ಲಾ ಅಲುಗಾಡ್ತದೆ. 1844ರಲ್ಲಿ ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ಯುವಕ ಬಾಸೆಲ್ ಮಿಷನ್ನಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡಾಗ ಊರಲ್ಲಿ ದೊಡ್ಡ ಗದ್ದಲ ಎದ್ದಿತು. ಬೆಲೆ ತೆತ್ತವನು ಹೇಳಿದವನಲ್ಲ, ಕೇಳಿದವನು. ಇದನ್ನ ನಾವು ಮರೀತೀವಿ. ಸುವಾರ್ತೆ ಹೇಳುವವನಿಗೆ ಬಹಳ ಅಂದರೆ ಒಂದು ನಗೆ, ಒಂದು ಬೈಗುಳ. ನಂಬಿದವನಿಗೆ ಮನೆಯೇ ಹೋಗಬಹುದು. ಹಂಗಾದರೆ ಅವನ ಸಂಗಡ ಕಡೇತನಕ ನಿಲ್ಲುವ ಮನಸ್ಸಿಲ್ಲದೆ ಬಾಯಿ ತೆರೆಯುವುದು ನ್ಯಾಯವಾ?

ಈಗ ಕಾನೂನಿನ ವಿಷಯ, ಯಾಕಂದರೆ ನಿಮ್ಮಲ್ಲಿ ಅನೇಕರಿಗೆ ಅದರ ಭಯ ಇದೆ. ನಮ್ಮ ಸಂವಿಧಾನದ 25ನೇ ವಿಧಿ ಧರ್ಮವನ್ನ ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನ ಎಲ್ಲರಿಗೂ ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ "ಪ್ರಚಾರ" ಎಂಬ ಪದ ಬೇಡ ಅಂತ ವಾದ ಬಂದಾಗ ಅದರ ಪರ ನಿಂತವರಲ್ಲಿ ಟಿ. ಟಿ. ಕೃಷ್ಣಮಾಚಾರಿ ಒಬ್ಬರು. ಅವರು ಹಿಂದೂ. ಕ್ರೈಸ್ತ ಸಂಸ್ಥೆಗಳಲ್ಲಿ ವರ್ಷಗಟ್ಟಲೆ ಓದಿದವರು. ಅಲ್ಲಿ ತನ್ನನ್ನ ಮತಾಂತರಿಸುವ ಪ್ರಯತ್ನ ನಡೆಯಲಿಲ್ಲ ಅಂತ ಸಭೆಯಲ್ಲೇ ಹೇಳಿದರು. ಯಾರೋ ಮೇಷ್ಟ್ರುಗಳು ನೆಟ್ಟಗೆ ನಡೆದುಕೊಂಡಿದ್ದಕ್ಕೆ ಸಿಕ್ಕ ಸಾಕ್ಷಿ ಅದು.

1977ರಲ್ಲಿ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ನಿನ್ನ ಧರ್ಮದ ತತ್ವಗಳನ್ನ ವಿವರಿಸಿ ಹರಡಬಹುದು, ಆದರೆ ಇನ್ನೊಬ್ಬನನ್ನ ಮತಾಂತರ ಮಾಡುವುದು ನಿನ್ನ ಹಕ್ಕಲ್ಲ. 2022ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಕಾಯ್ದೆ ಬಲವಂತ, ಆಮಿಷ, ಮೋಸ, ಮದುವೆಯ ಭರವಸೆಯಿಂದ ಮಾಡುವ ಮತಾಂತರಕ್ಕೆ ಜೈಲು ಶಿಕ್ಷೆ ಇಟ್ಟಿತು. 2023ರ ಜೂನಿನಲ್ಲಿ ಅದನ್ನ ಹಿಂತೆಗೆಯಲು ಸಚಿವ ಸಂಪುಟ ತೀರ್ಮಾನಿಸಿತು. ಆ ತೀರ್ಪನ್ನ, ಕಾಯ್ದೆಯನ್ನ ಟೀಕಿಸಿದವರು ಬಹಳ ಇದ್ದಾರೆ; ಪ್ರಾರ್ಥನೆಗೆ ಸೇರಿದವರಿಗೆ ತೊಂದರೆ ಆಗ್ತದೆ ಎಂಬ ಅವರ ಮಾತು ನನಗೂ ಸರಿ ಅನ್ನಿಸ್ತದೆ. ಆದರೆ ಪ್ರಿಯರೇ, ನಾನು ಕೇಳುವುದು ಬೇರೆ. ಕಾನೂನು ಇಲ್ಲದಿದ್ದರೆ ಆಮಿಷ ಸರಿಯಾಗ್ತಿತ್ತಾ? ಅಪೊಸ್ತಲರ ಕೃತ್ಯಗಳು 8ರಲ್ಲಿ ಸಿಮೋನ ದುಡ್ಡು ಹಿಡಿದು ಪವಿತ್ರಾತ್ಮನ ವರವನ್ನ ಕೊಳ್ಳಲಿಕ್ಕೆ ಬಂದಾಗ ಪೇತ್ರನು ಎಷ್ಟು ಕಠಿಣವಾಗಿ ಬೈದ ನೋಡಿ. ದುಡ್ಡು ಕೊಟ್ಟು ವರ ಕೊಳ್ಳುವುದು ಪಾಪವಾದರೆ, ದುಡ್ಡು ಕೊಟ್ಟು ನಂಬಿಕೆ ಕೊಳ್ಳುವುದು ಏನು? ಫೀಸು ಕಟ್ಟಿ "ಭಾನುವಾರ ಸಭೆಗೆ ಬಾ" ಅನ್ನುವುದು, ತನ್ನ ಕೈಕೆಳಗೆ ದುಡಿಯುವವನಿಗೆ ಟ್ರ್ಯಾಕ್ಟ್ ಕೊಡುವುದು, ಆಸ್ಪತ್ರೆಯ ಮಂಚದ ಮೇಲೆ ಹೆದರಿ ಮಲಗಿದವನಿಗೆ "ಒಪ್ಪಿಕೊಂಡರೆ ಗುಣ ಆಗ್ತದೆ" ಅನ್ನುವುದು, ಇವೆಲ್ಲಾ ಬೇಡ. ಕೇಳಿದರೆ ಪ್ರಾರ್ಥನೆ ಮಾಡ್ರಿ. ಶರತ್ತು ಹಾಕಬೇಡ್ರಿ.

ಕೋರ್ಟಿನ ಆ ಮಾತಿನಲ್ಲಿ ನಮಗೊಂದು ಬಿಡುಗಡೆಯೂ ಇದೆ. ತಾನು ನೆಟ್ಟೆ, ಅಪೊಲ್ಲೋಸ ನೀರು ಹಾಕಿದ, ಬೆಳೆಸಿದವನು ದೇವರು ಎಂಬ ಅರ್ಥದಲ್ಲಿ ಪೌಲನು ಕೊರಿಂಥದವರಿಗೆ ಬರೆದ. ಬೆಳೆಸುವುದು ನಿನ್ನ ಕೈಯಲ್ಲಿಲ್ಲ ತಮ್ಮಾ. ರೂಮ್‌ಮೇಟ್ ತಿರುಗಲೇಬೇಕು ಎಂಬ ಭಾರ ನಿನ್ನ ತಲೆ ಮೇಲಿದ್ದರೆ ನೀನು ಅವನನ್ನ ತಳ್ಳಲಿಕ್ಕೆ ಶುರು ಮಾಡ್ತೀ. ಆ ಭಾರ ಪವಿತ್ರಾತ್ಮನಿಗೆ ಬಿಟ್ಟರೆ, ಅವನು "ಬೇಡಪ್ಪಾ" ಅಂದಮೇಲೂ ನಾಳೆ ಅವನ ಸಂಗಡ ಕೂತು ರೊಟ್ಟಿ ತಿನ್ನಬಹುದು. ಹಂಗೆ ತಿನ್ನಲಿಕ್ಕೆ ಆಗ್ತದಾ ಅಂತ ಮೊದಲು ನಿನ್ನನ್ನೇ ಕೇಳಿಕೋ. ಆಗೋದಿಲ್ಲ ಅಂದರೆ ಅವನಿಗೆ ಇದ್ದ ಅನುಮಾನವೇ ಸರಿ.

ಹಂಗಂತ ಸುಮ್ಮನಿರುವುದೇ ಗೌರವ ಅಂತ ತಿಳೀಬೇಡ್ರಿ. ನನ್ನ ಜೀವನದ ಅತಿ ದೊಡ್ಡ ಸಂಗತಿಯನ್ನ ಸ್ನೇಹಿತನಿಂದ ಮುಚ್ಚಿಟ್ಟರೆ, ಅವನು ಅದನ್ನ ತೂಗಿ ನೋಡಲಾರ, ಬೇಡ ಅನ್ನಲಾರ ಅಂತ ನಾನೇ ತೀರ್ಮಾನ ಮಾಡಿದಂಗೆ. ಅವನಿಗೂ ಬುದ್ಧಿ ಇದೆ. ಅವನ ಹತ್ತಿರವೂ ಹೇಳಲಿಕ್ಕೆ ಇದೆ. ಬಸವಣ್ಣನವರು ಹುಟ್ಟಿದ ನೆಲದವನು ಅವನು. ಅವನ ಬಾಯಿಂದ ಒಂದು ವಚನವನ್ನಾದರೂ ಕೇಳಿದ್ದೀಯಾ? ಪೌಲನು ಅಥೇನೆಯಲ್ಲಿ ಮೊದಲು ಊರೆಲ್ಲಾ ಸುತ್ತಿ ನೋಡಿದ, ಅವರ ಕವಿಗಳ ಮಾತನ್ನೇ ಎತ್ತಿಕೊಂಡು ಮಾತಾಡಿದ. ಇನ್ನೊಬ್ಬರ ದೇವರನ್ನ ಹೀಯಾಳಿಸುವುದು ಸುವಾರ್ತೆ ಅಲ್ಲ, ಬರೀ ಜಗಳ.

ಭಾಷೆಯನ್ನೂ ನೋಡ್ರಿ. ಪೆಂತೆಕೊಸ್ತ ದಿನದಲ್ಲಿ ಪ್ರತಿಯೊಬ್ಬನೂ ತನ್ನ ತನ್ನ ಭಾಷೆಯಲ್ಲಿ ಕೇಳಿದ. 1894ರ ನಿಘಂಟಿನಿಂದ ನಮಗೆಲ್ಲಾ ಗೊತ್ತಿರುವ ಕಿಟ್ಟೆಲ್, ಅದಕ್ಕಿಂತ ಬಹಳ ಮುಂಚೆ 1862ರಲ್ಲಿ ಯೇಸುವಿನ ಚರಿತ್ರೆಯನ್ನ ಕನ್ನಡದ ಛಂದಸ್ಸಿನಲ್ಲೇ "ಕಥಾಮಾಲೆ" ಎಂದು ಹಾಡಿಗೆ ತಂದ. ಜರ್ಮನಿಯಿಂದ ಬಂದವನು ಅಷ್ಟು ಕಷ್ಟಪಟ್ಟ. ನಾವೋ, ಸಿಂದಗಿಯಲ್ಲಿ ಹುಟ್ಟಿ, "ಬ್ರೋ, ಆರ್ ಯು ಸೇವ್ಡ್?" ಅಂತ ಕೇಳ್ತೀವಿ. ಅವನಿಗೆ ಏನು ತಿಳೀಬೇಕು? ನಿನಗೆ ನಿದ್ದೆ ಬರದ ರಾತ್ರಿ ಏನಾಯ್ತು, ಕುಡಿತ ಹೆಂಗ್ ಬಿಡ್ತು, ಅಪ್ಪನನ್ನ ಹೆಂಗ್ ಕ್ಷಮಿಸಿದಿ, ಅದನ್ನ ಊರ ಮಾತಿನಲ್ಲೇ ಹೇಳು. ಗೋಳಗುಮ್ಮಟಕ್ಕೆ ಹೋದವರಿಗೆ ಗೊತ್ತು: ಮೇಲೆ ನಿಂತು ಒದರಿದರೆ ಪ್ರತಿಧ್ವನಿ ಒಂದರ ಮೇಲೊಂದು ಬಿದ್ದು ಬರೀ ಗದ್ದಲ. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆಚೆ ತುದಿಯಲ್ಲಿ ಕಿವಿಗೊಟ್ಟವನಿಗೆ ಸ್ಪಷ್ಟ ಕೇಳಿಸ್ತದೆ. ಕಿವಿ ಕೊಡಬೇಕಾದವನು ಅವನು, ಅದೂ ನೆನಪಿರಲಿ.

ಮಾರ್ಕ 5ನೇ ಅಧ್ಯಾಯ ತೆಗೀರಿ. ಗೆರಸೇನರ ಸೀಮೆಯಲ್ಲಿ ದೆವ್ವ ಬಿಟ್ಟ ಮನುಷ್ಯ ಯೇಸುವಿನ ಸಂಗಡ ದೋಣಿ ಹತ್ತಬೇಕು ಅಂತ ಬೇಡಿಕೊಂಡ. ಕರ್ತನು ಒಪ್ಪಲಿಲ್ಲ. ಮನೆಗೆ, ನಿನ್ನವರ ಹತ್ತಿರ ಹೋಗು, ನಿನಗೆ ಏನಾಯ್ತೋ ಅದನ್ನ ಹೇಳು ಅಂದ. ವಾದ ಕಲಿಸಲಿಲ್ಲ, ಟಾರ್ಗೆಟ್ ಕೊಡಲಿಲ್ಲ. ಆವತ್ತು ಆ ಸೀಮೆಯ ಜನ ಯೇಸುವನ್ನ ಇಲ್ಲಿಂದ ಹೊರಟುಹೋಗು ಅಂತ ಬೇಡಿಕೊಂಡಿದ್ದರು. ಆತನೂ ಸುಮ್ಮನೆ ದೋಣಿ ಹತ್ತಿದ, ಬಲವಂತ ಮಾಡಲಿಲ್ಲ. ಎರಡು ಅಧ್ಯಾಯ ಆದಮೇಲೆ, ಮಾರ್ಕ 7ರಲ್ಲಿ, ಯೇಸು ಮತ್ತೆ ಆ ದೆಕಪೊಲಿ ಪ್ರಾಂತ್ಯಕ್ಕೆ ಬರುತ್ತಾನೆ. ಈ ಸಲ ಜನ ಓಡಿಸಲಿಲ್ಲ. ಕಿವಿ ಕೇಳದ ಒಬ್ಬನನ್ನ ತಾವೇ ಕರಕೊಂಡು ಬಂದರು.